ಅರ್ಧ ಡ್ರಾಪ್ ಆರ್ಮ್

೨೦ ನವೆಂಬರ್ ೨೦೨೫, ಗುರುವಾರ

ಇವತ್ತೂ ಬರಲಿಲ್ಲ. ಬೆಳಿಗ್ಗೆ ಡೀಸೆಲ್ ಹಾಕಿ ನೆನೆಸಿದೆ, ಮಧ್ಯಾಹ್ನ ಮತ್ತೆ ಹಾಕಿದೆ, ಸಂಜೆ ಎಳೆದು ಬಿಚ್ಚಲು ಪುಲ್ಲರ್ ಕಟ್ಟಿದೆ. ಜಾರಿತು. ಅದಕ್ಕಾದರೂ ಹಿಡಿಯಲು ಏನಿದೆ? ಸ್ಟೇರಿಂಗ್ ತಿರುಗಿಸಿದ್ದನ್ನು ಚಕ್ರಕ್ಕೆ ಮುಟ್ಟಿಸುವ ಡ್ರಾಪ್ ಆರ್ಮ್ ಅರ್ಧಕ್ಕೆ ಮುರಿದಿದೆ. ಸ್ಟೇರಿಂಗ್ ಬಾಕ್ಸಿನ ಶಾಫ್ಟಿಗೆ ಕಚ್ಚಿಕೊಂಡು ಉಳಿದಿರುವುದು ಮುಷ್ಟಿಯಷ್ಟು ಕಬ್ಬಿಣ. ಉಳಿದರ್ಧ ಗಾಡಿ ಉರುಳಿದ ಹುಲಿಕಲ್ ಘಾಟಿಯ ಯಾವ ಪೊದೆಯಲ್ಲಿದೆಯೋ. ಎರಡು ದಿನ ಹುಡುಕಿದೆ, ಸಿಗಲಿಲ್ಲ.

ಬೇರೆಯವರ ಗಾಡಿಯಾಗಿದ್ದರೆ ಗುಜರಿಗೆ ಹಾಕಿ ಮಾರಾಯ್ರೆ ಅಂದು ಕಳಿಸುತ್ತಿದ್ದೆ. ಇದು ನನ್ನ ತಮ್ಮ ಪೂರ್ಣೇಶನದು. ತೊಂಬತ್ತೆಂಟರ ಫೋರ್ ವೀಲ್ ಪಿಕಪ್. ಬೇರೆ ಗಾಡಿ ಹತ್ತದ ಕಡೆಗೆಲ್ಲ ಸಿಮೆಂಟು, ಶಾಮಿಯಾನ, ಅಡುಗೆ ಪಾತ್ರೆ ಹೊತ್ತು ಹತ್ತುತ್ತಿತ್ತು. ಅವನು ಸತ್ತು ಇವತ್ತಿಗೆ ಹನ್ನೆರಡು ದಿನ.

೨೧ ನವೆಂಬರ್

ಸರೋಜ ಗ್ಯಾರೇಜಿಗೇ ಕಾಫಿ ತಂದಳು. ನಾನು ಮನೆಗೆ ಹೋಗದಿದ್ದರೆ ಹೆಂಡತಿ ಇನ್ನೇನು ಮಾಡಬೇಕು.

"ಗ್ಯಾಸ್ ಹಿಡ್ದು ಕಾಯ್ಸಿದ್ರೆ ಐದ್ ನಿಮಿಷದ ಕೆಲ್ಸ ಅಂತಿದ್ರಿ. ಈಗೆಂತ ಹೀಗೆ ಒದ್ದಾಡ್ತಿರೋದು?"

ಕಾಯಿಸಿದರೆ ಮುರಿದ ಮುಖದ ಬಣ್ಣ ಹೋಗುತ್ತದೆ. ಬಿರುಕು ಹಳೆಯದೋ ಹೊಸದೋ ಹೇಳುವುದು ಆ ಬಣ್ಣವೇ. ಆ ಮುಖ ಚಾಸಿಯ ಕಡೆಗಿದೆ. ಬಾಕ್ಸ್ ಜಜ್ಜಿ ಚಾಸಿಗೆ ಅಂಟಿ ಕೂತಿದೆ, ಟಾರ್ಚ್ ಬಿಟ್ಟರೂ ಕಾಣುವುದಿಲ್ಲ. ತುಂಡು ಹೊರಗೆ ಬರಬೇಕು, ಆಗ ಗೊತ್ತಾಗುತ್ತದೆ — ಬಿದ್ದ ಏಟಿಗೆ ಮುರಿದದ್ದೋ, ಮುರಿದದ್ದರಿಂದ ಬಿದ್ದದ್ದೋ. ನನಗೆ ಬೇಕಾದ್ದು ಅಷ್ಟೇ.

ಹಾಡುಹಗಲು. ಮಳೆ ಇಲ್ಲ, ಎದುರಿಗೆ ಗಾಡಿ ಇಲ್ಲ. ತಿರುವಿನಲ್ಲಿ ತಿರುಗದೆ ನೇರ ಹೋಗಿದ್ದಾನೆ. ಊರಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಕುಡಿದಿರಬೇಕು. ಮೊದಲೂ ಕುಡಿಯುತ್ತಿದ್ದನಲ್ಲ... ರಕ್ತದ ರಿಪೋರ್ಟಿಗೆ ಇನ್ನೂ ತಿಂಗಳುಗಟ್ಟಲೆ ಕಾಯಬೇಕಂತೆ.

ಊರು ಹಾಳಾಗಿ ಹೋಗಲಿ. ಅವನ ಹೆಂಡತಿ ಯಶಸ್ವಿನಿಯೂ ನಂಬಿದ್ದಾಳೆ. ಎರಡು ವರ್ಷದ ಹಿಂದೆ ಅವನನ್ನು ಸಿಗಂದೂರಿಗೆ ಕರೆದುಕೊಂಡು ಹೋಗಿದ್ದಳು. ದೇವಿಯ ಎದುರು, ಮಗಳು ವಿಭಾಳ ತಲೆ ಮೇಲೆ ಕೈ ಇಟ್ಟು, ಇನ್ನು ಮುಟ್ಟುವುದಿಲ್ಲ ಎಂದು ಆಣೆ ಮಾಡಿದ್ದ. ಹನ್ನೊಂದನೇ ದಿನದ ಕಾರ್ಯಕ್ಕೆ ಬಂದವಳು ಅವನ ಫೋಟೋ ಇಡಲು ಬಿಡಲಿಲ್ಲ. ದೀಪ ಹಚ್ಚಲಿಲ್ಲ.

"ಸತ್ತೋರು ಸತ್ರು ಭಾವ. ಆಣೆ ಮುರ್ದಿದ್ದು ಯಾರಿಗ್ ತಟ್ತದೆ ಹೇಳಿ? ನನ್ ಮಗೀಗೆ ಮೂರು ದಿನದಿಂದ ಜ್ವರ."

ಅಷ್ಟು ಹೇಳಿ ಮಗುವನ್ನು ಎತ್ತಿಕೊಂಡು ಮಂಡಗದ್ದೆಗೆ, ತವರಿಗೆ ಹೋದಳು.

ಅವನು ಕುಡಿದಿರಲಿಲ್ಲ. ಆವತ್ತು ಬೆಳಿಗ್ಗೆ ಇಲ್ಲಿಂದಲೇ ಹೊರಟಿದ್ದು. ನನ್ನ ಬೀಡಿ ಕಟ್ಟು ಕಸಿದುಕೊಂಡು, ನೀನೂ ಆಣೆ ಮಾಡು ಬಾ ಎಂದು ನಗಾಡಿದ್ದ.

೨೩ ನವೆಂಬರ್, ಮಧ್ಯಾಹ್ನ ೩

ಬಂತು!

ಶಾಫ್ಟನ್ನು ಕಚ್ಚಿದ ಆರ್ಮಿನ ಕಣ್ಣಿಗೇ ಕಬ್ಬಿಣ ಕೊಯ್ಯುವ ಆಕ್ಸಾ ಬ್ಲೇಡಿನಿಂದ ಸೀಳು ಹಾಕಿದೆ. ಐದು ಬ್ಲೇಡ್ ಹೋಯಿತು, ಇಷ್ಟು ಗಟ್ಟಿ ಯಾಕೋ. ಸೀಳಿಗೆ ಉಳಿ ಕೊಟ್ಟು ಬಡಿದೆ. ಕೈಯ ಚರ್ಮ ಎದ್ದಿತು. ಒಂಬತ್ತನೇ ಏಟಿಗೋ ಹತ್ತನೆಯದಕ್ಕೋ ಟಣ್ ಎಂದು ಸಡಿಲಾಯಿತು.

ಒರೆಸಿ ಬಿಸಿಲಿಗೆ ಹಿಡಿದೆ. ಮುರಿದ ಮುಖದ ಮುಕ್ಕಾಲು ಭಾಗ ಕಪ್ಪು, ತುಕ್ಕು ಹಿಡಿದಿದೆ. ಉಳಿದ ಕಾಲು ಭಾಗ ಬೆಳ್ಳಗೆ ಹರಳು ಹರಳು. ಅಂದರೆ ಬಿರುಕು ಹಳೆಯದು. ಒಂದಿಡೀ ಮಳೆಗಾಲದ ನೀರು ಕುಡಿದಿದೆ. ಅವನು ತಿರುಗಿಸಿದ್ದಾನೆ, ಗಾಡಿ ತಿರುಗಿಲ್ಲ. ಅಯ್ಯೋ ನನ್ನ ತಮ್ಮಾ.

ಗಾಡಿಯ ಕೆಳಗೇ ಮಲಗಿ ಅತ್ತೆ. ಖುಷಿಯೂ ಇತ್ತು ಅದರಲ್ಲಿ, ಸುಳ್ಳು ಯಾಕೆ.

೨೪ ನವೆಂಬರ್

ನಾಳೆ ಯಾರೂ ತಗಾದೆ ತೆಗೆಯಬಾರದು ಎಂದು ತುಂಡನ್ನು ಸಾಗರಕ್ಕೆ ಒಯ್ದೆ. ಲೇತ್ ಅಂಗಡಿಯ ಗಣೇಶಮೂರ್ತಿಗಳು ನಲವತ್ತು ವರ್ಷ ಕಬ್ಬಿಣ ನೋಡಿದವರು. ಕನ್ನಡಕ ಮೇಲೇರಿಸಿ ನೋಡಿದರು. ಅರ ತಗೊಂಡು ಉಜ್ಜಿದರು. ಸರಿಯಾಗಿ ಕಚ್ಚಲಿಲ್ಲ, ಜಾರಿ ಜಾರಿ ಹೋಯಿತು.

"ಹಳೇ ಕ್ರ್ಯಾಕು, ಅದ್ರಲ್ಲಿ ಎರಡು ಮಾತಿಲ್ಲ ತೀರ್ಥೇಶ. ಆದ್ರೆ ಇದು ಸುಮ್ನೆ ಬಿಟ್ಟಿದ್ದಲ್ಲ. ಕೆಂಪಗೆ ಕಾಯ್ಸಿ ತಣ್ಣೀರು ಹಾಕಿದಾರೆ. ಗಟ್ಟಿಯಾಗಿ ಬಿರುಕು ಬಿಟ್ಟಿದೆ. ಯಾವ ಮೆಕ್ಯಾನಿಕ್ ಮಾರಾಯ ಅವ?"

ಗೊತ್ತಿಲ್ಲ ಅಂದೆ.

೨೬ ನವೆಂಬರ್

ಇಲ್ಲಾದರೂ ಬರೆಯಬೇಕು.

ಏಪ್ರಿಲ್. ಸ್ಟೇರಿಂಗ್ ಬಾಕ್ಸಿನ ಆಯಿಲ್ ಸೀಲ್ ಹೋಗಿತ್ತು. ಸೀಲ್ ಹಾಕಲು ಆರ್ಮ್ ಬಿಚ್ಚಬೇಕು. ಆವತ್ತೂ ಇದು ಹೀಗೇ ಕಚ್ಚಿಕೊಂಡಿತ್ತು. ಗ್ಯಾಸ್ ಹಿಡಿದೆ. ಕೆಂಪಗಾಯಿತು, ಪುಲ್ಲರಿಗೆ ಬಂತು. ಅದರಷ್ಟಕ್ಕೆ ಆರಲು ಬಿಡಬೇಕಿತ್ತು. ಒಂದು ಗಂಟೆ... ಹೆಚ್ಚೆಂದರೆ ಒಂದೂವರೆ. ಪೂರ್ಣೇಶನಿಗೆ ಅವಸರ. ಯಾರದ್ದೋ ಮದುವೆಯ ಪಾತ್ರೆ ಕಾಯುತ್ತಿತ್ತು. ಬಕೆಟ್ ಹಿಡಿದು ನಿಂತ.

"ನೀರ್ ಹಾಕ್ಲಾ ಅಣ್ಣಾ?"

"ಹಾಕು."

ಚುಂಯ್ ಅಂತ ಹೊಗೆ ಎದ್ದಿತು. ಇಬ್ಬರೂ ಹಿಂದೆ ಸರಿದು ನಕ್ಕೆವು.

ಗೊತ್ತಿಲ್ಲದೆ ಮಾಡಿದ್ದಲ್ಲ. ಸ್ಟೇರಿಂಗಿನ ಸಾಮಾನಿಗೆ ನೀರು ತೋರಿಸಬಾರದು ಎಂದು ನನ್ನ ಗುರುಗಳು ತಲೆಗೆ ಮೊಟಕಿ ಕಲಿಸಿದ್ದರು. ಆದರೆ ಇಲ್ಲಿ ಬರುವವರಿಗೆಲ್ಲ ಅವಸರ. ಎಷ್ಟೋ ಗಾಡಿಗೆ ಹಾಕಿದ್ದೇನೆ. ಏನೂ ಆಗಿರಲಿಲ್ಲ. ಏನೂ ಆಗುವುದಿಲ್ಲ ಎಂಬ ಧಿಮಾಕು.

ಕೊಂದದ್ದು ನಾನು.

೩೦ ನವೆಂಬರ್, ಭಾನುವಾರ

ಮಂಡಗದ್ದೆಗೆ ಹೋದೆ. ಎಲ್ಲ ಹೇಳಬೇಕೆಂದೇ ಹೋಗಿದ್ದು, ಬರೆದು ಬಾಯಿಪಾಠವೂ ಮಾಡಿದ್ದೆ. ಯಶಸ್ವಿನಿ ಜಗುಲಿಯಲ್ಲಿ ಮಗಳ ತಲೆ ಬಾಚುತ್ತಿದ್ದಳು. ತುಂಡನ್ನು ಅವಳ ಕೈಗೆ ಕೊಟ್ಟೆ. ಕಪ್ಪು ಭಾಗ ತೋರಿಸಿದೆ, ಬಿಳಿ ಭಾಗ ತೋರಿಸಿದೆ. ಗಣೇಶಮೂರ್ತಿಗಳ ಹೆಸರು ಹೇಳಿದೆ.

"ಹಂಗಾರೆ ಇವ್ರು ಕುಡ್ದಿರ್ಲಿಲ್ಲ?"

"ಇಲ್ಲ ತಾಯಿ. ಗಾಡಿ ಅವ್ನ ಕೈ ಬಿಟ್ಟಿತು."

"ಮಗೀಗೆ ಏನೂ ಆಗಲ್ಲ ಅಲ್ದಾ ಭಾವ?"

"ಏನೂ ಆಗಲ್ಲ."

ಸತ್ತ ದಿನವೂ ಅವಳು ಹಾಗೆ ಅತ್ತಿರಲಿಲ್ಲ. ಇಷ್ಟು ದಿನ ಬೈದೆನಲ್ಲ, ಸತ್ತವರನ್ನು ಬೈದೆನಲ್ಲ ಎಂದು ಹಣೆ ಹಣೆ ಬಡಿದುಕೊಂಡಳು. ಕಪಾಟಿನ ಬಟ್ಟೆಯ ಅಡಿಯಿಂದ ಅವನ ಫೋಟೋ ತೆಗೆದು, ಸೆರಗಿನಲ್ಲಿ ಒರೆಸಿ, ಗೋಡೆಗೆ ಒರಗಿಸಿದಳು. ದೀಪ ಹಚ್ಚಿದಳು. ಆಮೇಲೆ ಬಂದು ನನ್ನ ಕಾಲಿಗೆ ಬಿದ್ದಳು.

"ಅವ್ರ ಮಾನ ಉಳ್ಸಿದ್ರಿ."

ಏಳು ಎಂದೆ. ಅಷ್ಟು ಮಾತ್ರ ಎಂದೆ. ಊಟ ಮಾಡಿಸಿದಳು. ಉಂಡೆ! ಎರಡನೇ ಸಲ ಅನ್ನ ಬಡಿಸಿಕೊಂಡೆ. ಥೂ ನನ್ನ ಜನ್ಮಕ್ಕೆ.

೫ ಡಿಸೆಂಬರ್

ಮಂಡಗದ್ದೆಯಿಂದ ಯಶಸ್ವಿನಿಯ ಫೋನ್. ಎಂಟನೇ ತಾರೀಕಿಗೆ ತಿಂಗಳಾಗುತ್ತದೆ, ಅಲ್ಲೇ ಎಡೆ ಇಡುತ್ತಾಳಂತೆ. ಅವನಿಗೆ ಇಷ್ಟವಾದ ಅಡುಗೆಯೆಲ್ಲ ಮಾಡುತ್ತಾಳಂತೆ. ನೆಂಟರನ್ನೆಲ್ಲ ಕರೆದಿದ್ದಾಳೆ. "ನೀವೇ ಬಂದು ಎಲ್ರ ಮುಂದೆ ಹೇಳ್ಬೇಕು ಭಾವ. ಆಡ್ಕೊಂಡೋರ ಬಾಯಿ ಮುಚ್ಬೇಕು."

ವಿಭಾಳ ಜ್ವರ ಬಿಟ್ಟಿದೆಯಂತೆ.

ಸುಮ್ಮನಿದ್ದರೆ ಯಾರಿಗೆ ಗೊತ್ತಾಗುತ್ತದೆ? ಗಣೇಶಮೂರ್ತಿಗಳು ಇತ್ತ ಬರುವವರಲ್ಲ. ಬೇಕಿದ್ದರೆ ನೀರು ಹಾಕಿದ್ದು ಪೂರ್ಣೇಶನೇ ಎಂದೂ ಹೇಳಬಹುದು. ಬಕೆಟ್ ಅವನ ಕೈಯಲ್ಲೇ ಇತ್ತು, ಸುಳ್ಳೇನಲ್ಲ.

ಇದನ್ನು ಬರೆದ ಕೈ ನನ್ನದೇ. ನೋಡು, ಎಂಥ ಮನುಷ್ಯ ನಾನು.

೮ ಡಿಸೆಂಬರ್, ಸಂಜೆ ೫, ತೀರ್ಥಹಳ್ಳಿ ಬಸ್ ಸ್ಟ್ಯಾಂಡ್

ಊರಿಗೆ ಹೋಗುವ ಹೊಸನಗರದ ಬಸ್ಸು ಹೋಯಿತು. ಹತ್ತಲಿಲ್ಲ. ಇನ್ನೊಂದಿದೆ.

ಹೇಳಿದೆ.

ಮೂವತ್ತು ಜನ ಇದ್ದರು. ಫೋಟೋದ ಪಕ್ಕ ಚಾಪೆ ಹಾಸಿ ನನ್ನನ್ನು ಕೂರಿಸಿದಳು. ತುಂಡಿಗೆ ಕುಂಕುಮ ಹಚ್ಚಿ ತಟ್ಟೆಯಲ್ಲಿ ಇಟ್ಟಿದ್ದಳು. ಭಾವ ಹತ್ತು ದಿನ ಗಾಡಿ ಅಡಿ ಮಲಗಿ ತೆಗ್ದಿದ್ದು ಎಂದು ಎಲ್ಲರಿಗೂ ಹೇಳಿದಳು. ಎದ್ದು ನಿಂತೆ. ಅವನು ಕುಡಿದಿರಲಿಲ್ಲ ಎಂದು ಮೊದಲು ಹೇಳಿದೆ. ಆಮೇಲೆ, ಕಾಯಿಸಿದ್ದು ನಾನು, ನೀರು ಹಾಕು ಅಂದದ್ದೂ ನಾನು, ಹಾಕಬಾರದು ಎಂದು ಗೊತ್ತಿದ್ದೂ ಅಂದೆ. ಆರ್ಮ್ ಬಿರುಕು ಬಿಟ್ಟಿದ್ದು ಅದರಿಂದ. ಅವನು ಹೋದದ್ದು ಅದರಿಂದ.

ಹಿರಿಯರೊಬ್ಬರು, ಯಂತ್ರದ ಕೆಲಸ, ಯಾರ ಕೈಲಿದೆ, ಕೂತ್ಕೊ ಎಂದರು. ಕೂರಲಿಲ್ಲ. ಯಶಸ್ವಿನಿ ಬೈಯಲಿ ಎಂದು ಕಾದೆ. ಹೊಡೆದಿದ್ದರೂ ನಿಲ್ಲುತ್ತಿದ್ದೆ.

ಅವಳು ತಟ್ಟೆ ನೋಡಿದಳು. ನನ್ನನ್ನು ನೋಡಿದಳು. ತುಂಬಾ ಮೆತ್ತಗೆ ಕೇಳಿದಳು.

"ಆವತ್ತು ನಾನು ಕಾಲಿಗೆ ಬಿದ್ದಾಗ ಎಂತಕ್ಕೆ ಹೇಳ್ಲಿಲ್ಲ ಭಾವ?"

ನೀರು ಹಾಕಿದ್ದಕ್ಕೆ ಅವಸರ ಎನ್ನಬಹುದು. ಇದಕ್ಕೆ ಯಾವ ಅವಸರವಿತ್ತು?