ದೊರೆಗೆ ಎರಡು ಹೊತ್ತಿನ ಸೂಜಿ

ನಲ್ಲಂಪಳ್ಳಿ
13-3-2025, ಗುರುವಾರ

ಏಳು ತಿಂಗಳಿಂದ ಮುಖ ತೋರಿಸದ ನನ್ನ ಯಜಮಾನರಿಗೆ, ವಾಣಿಶ್ರೀ ಮಾಡುವ ನಮಸ್ಕಾರ.

ಅತ್ತೆ ಚೆನ್ನಾಗಿದ್ದಾರೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಕಾಗದ ಕಂಡ ತಕ್ಷಣ ನಿಮ್ಮ ಎದೆ ಧಸಕ್ಕೆನ್ನುತ್ತದೆ. ನಾನೂ ಇದ್ದೇನೆ. ಚೆನ್ನಾಗಿಲ್ಲದಿರುವುದು ದೊರೆ. ನೀವು ಮರಿಯಲ್ಲಿ ಜೇಬಿನೊಳಗೆ ಹಾಕಿಕೊಂಡು ತಂದ ಬೆಕ್ಕು ಸಾಯುವ ಹಾಗಿದೆ. ಸೋಮವಾರದೊಳಗೆ ನೀವು ಬಾರದಿದ್ದರೆ ಅದು ಉಳಿಯುವುದಿಲ್ಲ. ಇಷ್ಟೇ ಬರೆದು ಸುಮ್ಮನಾಗಬಹುದಿತ್ತು. ಆದರೆ ನೀವು ನಂಬುವವರಲ್ಲ, ಇವಳೇನೋ ನೆಪ ಹೂಡಿದ್ದಾಳೆ ಅಂದುಕೊಳ್ಳುತ್ತೀರಿ. ಅದಕ್ಕೆ ಎಲ್ಲವನ್ನೂ ಬರೆಯುತ್ತಿದ್ದೇನೆ.

ಫೋನ್ ಮಾಡಿದೆ, ಹೋಗಲೇ ಇಲ್ಲ. ದೊರೆಯ ಫೋಟೋ ಕಳಿಸಿದೆ, ಅದೂ ಹೋಗಲಿಲ್ಲ. ನನ್ನನ್ನು ಬ್ಲಾಕ್ ಮಾಡಿದ್ದೀರಿ ಎಂದು ಎದುರುಮನೆ ಮೇನಕಾ ನೋಡಿ ಹೇಳಿದಳು. ಅವಳ ಫೋನಿನಿಂದ ಮಾಡಿದರೆ ನನ್ನ ದನಿ ಕೇಳಿದ್ದೇ ಕಟ್ ಮಾಡಿದಿರಿ. ಅತ್ತೆಯ ಕೈಗೆ ಕೊಡೋಣವೆಂದರೆ ಅವರಿಗೆ ಫೋನಿನಲ್ಲಿ ಮಾತು ಕೇಳಿಸುವುದಿಲ್ಲ. ನಾಳೆ ನಮ್ಮೂರ ಸೆಂದಿಲ್ ವ್ಯಾನಿನಲ್ಲಿ ಮೇಚೇರಿ ಕಡೆ ಹೋಗುತ್ತಿದ್ದಾನೆ, ನಿಮ್ಮ ಕುರಿ ಶೆಡ್ಡಿಗೇ ತಂದು ಕೊಡುತ್ತಾನಂತೆ. ಅವನು ಯಾರ ಕಾಗದ ಕೊಟ್ಟರೂ ಬಿಚ್ಚಿ ನೋಡುವವನು, ಆದರೆ ಓದಲು ಬರುವುದು ತಮಿಳೊಂದೇ. ನಿಮ್ಮ ಶೆಡ್ಡಿನಲ್ಲೂ ಕನ್ನಡ ಓದುವವರು ಬೇರೆ ಯಾರೂ ಇರಲಾರರು. ಮದುವೆಯಾದ ವರ್ಷ ಹೊಸೂರು ಕಡೆಯ ಕನ್ನಡ ಶಾಲೆಯಲ್ಲಿ ಓದಿದ ಹೆಂಡತಿ ಬಂದಳೆಂದು ನೀವು ಹಟ ಹಿಡಿದು ನನ್ನ ಹತ್ತಿರ ಅಕ್ಷರ ಕಲಿತಿರಲ್ಲ, ಅದು ಇವತ್ತು ಉಪಯೋಗಕ್ಕೆ ಬಂತು. ನಿಧಾನವಾಗಿ ಓದಿ. ಅರ್ಧಕ್ಕೆ ಬಿಡಬೇಡಿ.

ನೀವು ಹೋದ ಮೇಲೆ ದೊರೆ ಹತ್ತು ದಿನ ಹೊಸ್ತಿಲು ಬಿಟ್ಟು ಕದಲಲಿಲ್ಲ. ಬೈಕಿನ ಸದ್ದು ಕೇಳಿದರೆ ಎದ್ದು ನಿಲ್ಲುತ್ತಿತ್ತು. ನನಗೆ ಮೈ ಉರಿಯುತ್ತಿತ್ತು. ಹೆಂಡತಿ ಇದ್ದಾಳೋ ಸತ್ತಳೋ ಕೇಳದವರಿಗಾಗಿ ಈ ದಡಿಯ ಬೆಕ್ಕು ಉಪವಾಸ ಬಿದ್ದಿದೆ ಅಂತ. ಕೋಪದಲ್ಲಿ ಕಾಲಲ್ಲಿ ತಳ್ಳಿದ್ದೂ ಉಂಟು, ಸುಳ್ಳು ಯಾಕೆ ಹೇಳಲಿ. ಆಮೇಲೆ ಒಂದು ದಿನ ನಾನು ಮಲಗಿದ್ದಾಗ ಬಂದು ಕಾಲ ಹತ್ತಿರ ಮಲಗಿತು. ಅವತ್ತಿನಿಂದ ಅದು ನನ್ನದೂ ಆಯಿತು.

ದೀಪಾವಳಿ ಹೊತ್ತಿಗೆ ಕೆರೆದುಕೊಳ್ಳಲು ಶುರುಮಾಡಿತು. ಮೊದಲು ಕುತ್ತಿಗೆ, ಆಮೇಲೆ ಬೆನ್ನು. ಕೂದಲು ಉದುರಿ ಅಲ್ಲಲ್ಲಿ ಬರೀ ಚರ್ಮ ಕಾಣಿಸಿತು. ಕೆರೆದು ಕೆರೆದು ರಕ್ತ. ದನಕ್ಕೆ ಮದ್ದು ಹಾಕಲು ಊರೂರು ತಿರುಗುವ ಪೆರುಮಾಳ್ ಬಂದಾಗ ತೋರಿಸಿದೆ. ಅವನು ಒಂದು ಸೂಜಿ ಹಾಕಿದ. ಎರಡೇ ದಿನಕ್ಕೆ ಕೆರೆತ ನಿಂತಿತು, ಗಾಯ ಒಣಗಿತು. ನಾನು ಅವನಿಗೆ ಕೈ ಮುಗಿದೆ. ಮತ್ತೆ ಕೆರೆದಾಗ ಮತ್ತೆ ಹಾಕಿಸಿದೆ. ಹೀಗೆ ಐದು ಸಲ. ಅಷ್ಟರಲ್ಲಿ ದೊರೆ ನೀರು ಕುಡಿಯಲು ಶುರುಮಾಡಿತ್ತು. ನೀವು ಎಂದೂ ನೋಡಿರದಷ್ಟು ನೀರು. ಪಾತ್ರೆ ತೊಳೆಯುವ ಬೋಸಿಗೂ ಬಾಯಿ ಹಾಕುತ್ತಿತ್ತು. ಮನೆಯ ಮೂಲೆಮೂಲೆಯಲ್ಲೂ ಉಚ್ಚೆ, ಅದರ ಮೇಲೆ ಇರುವೆ. ತಿನ್ನುವುದು ಎರಡರಷ್ಟು, ಮೈ ಮಾತ್ರ ಇಳಿಯುತ್ತಾ ಹೋಯಿತು.

ಸೇಲಂಗೆ ಕರೆದುಕೊಂಡು ಹೋದೆ. ಅಲ್ಲಿ ಆರತಿ ಅಂತ ಬೆಕ್ಕು ನಾಯಿ ನೋಡುವ ಡಾಕ್ಟರಮ್ಮ ಇದ್ದಾರೆ, ನಮ್ಮ ಭಾಷೆಯವರೇ. ಕಿವಿ ಚುಚ್ಚಿ ರಕ್ತ ನೋಡಿ ಸಕ್ಕರೆ ಕಾಯಿಲೆ ಅಂದರು. ಬೆಕ್ಕಿಗೆಲ್ಲಾದರೂ ಬರುತ್ತದೆಯೇ ಅಂದೆ. ಬರುತ್ತದೆ, ನೀವು ಹಾಕಿಸಿದ ಆ ಕೆರೆತದ ಸೂಜಿಯಿಂದಲೇ ಬಂದಿರಬೇಕು ಅಂದರು. ಐದು ಸಲವೂ ಹಿಡಿದುಕೊಂಡಿದ್ದವಳು ನಾನು.

ಇನ್ನು ಮೇಲೆ ಹಾಲನ್ನ ಇಲ್ಲ, ಬಿಸ್ಕತ್ತು ಇಲ್ಲ. ಬೇಯಿಸಿದ ಕೋಳಿ, ಮೊಟ್ಟೆ. ದಿನಕ್ಕೆ ಎರಡು ಹೊತ್ತು ಇನ್ಸುಲಿನ್, ಬೆಳಿಗ್ಗೆ ಐದಕ್ಕೆ, ಸಂಜೆ ಐದಕ್ಕೆ. ಅದು ತಿಂದ ಮೇಲೆಯೇ ಹಾಕಬೇಕು, ತಿನ್ನದಿದ್ದಾಗ ಹಾಕಿದರೆ ಸಕ್ಕರೆ ಪೂರಾ ಇಳಿದು ಸಾಯುತ್ತದೆ. ಮೈಗೆ ವಾರಕ್ಕೆರಡು ಸಲ ಔಷಧಿ ನೀರಿನ ಸ್ನಾನ, ದಿನವೂ ಮುಲಾಮು, ನೆಕ್ಕದ ಹಾಗೆ ಕುತ್ತಿಗೆಗೆ ಪ್ಲಾಸ್ಟಿಕ್ ಕಟ್ಟು. ಹಳೇ ಎಕ್ಸ್‌ರೇ ಹಾಳೆ ಕತ್ತರಿಸಿ, ಆಲಿಕೆಯ ಹಾಗೆ ಸುತ್ತಿ ನಾನೇ ಹೊಲಿದೆ. ಅತ್ತೆ ಅದನ್ನು ನೋಡಿ “ಕೊಳಾಯಿಗೆ ಬುನಲ್ ಇಕ್ದಂಗೈತೆ” ಅಂತ ನಕ್ಕರು. ಅವರು ನಕ್ಕಿದ್ದು ಎಷ್ಟೋ ದಿನದ ಮೇಲೆ.

ಆ ನಗು ಹೆಚ್ಚು ದಿನ ಉಳಿಯಲಿಲ್ಲ. ಡಾಕ್ಟರಮ್ಮ ಹೇಳಿದ್ದು ಇದು: ಚರ್ಮದ ಹುಣ್ಣು ಮಾಯದೆ ಸಕ್ಕರೆ ಇಳಿಯುವುದಿಲ್ಲ, ಸಕ್ಕರೆ ಇಳಿಯದೆ ಹುಣ್ಣು ಮಾಯುವುದಿಲ್ಲ. ಎರಡನ್ನೂ ಒಟ್ಟಿಗೆ ಹಿಡಿಯಬೇಕು, ಒಂದು ಹೊತ್ತೂ ತಪ್ಪಬಾರದು. ಬಾಯಲ್ಲಿ ಹೇಳುವುದು ಸುಲಭ. ಸೂಜಿ ಹಾಕಲು ಕುತ್ತಿಗೆಯ ಹಿಂದಿನ ಸಡಿಲ ಚರ್ಮ ಹಿಡಿಯಬೇಕು, ಅಲ್ಲೇ ಎಲ್ಲಕ್ಕಿಂತ ದೊಡ್ಡ ಹುಣ್ಣು. ಮುಟ್ಟಿದರೆ ಚೀರುತ್ತದೆ. ತೊಡೆಯ ಪಕ್ಕದಲ್ಲಿ ಹಾಕೋಣವೆಂದರೆ ಒಬ್ಬರು ಹಿಡಿಯಬೇಕು, ಒಬ್ಬರು ಚುಚ್ಚಬೇಕು. ಅತ್ತೆಯ ಕೈ ನಡುಗುತ್ತದೆ. ಮೇನಕಾ ಎರಡು ದಿನ ಬಂದಳು, ಮೊಣಕೈವರೆಗೆ ಪರಚಿಸಿಕೊಂಡು “ಅಕ್ಕಾ, ಮನ್ನಿಚ್ಚುಡು, ನನ್ ಕೈಲಿ ಆಗಲ್ಲ” ಅಂತ ಕ್ಷಮೆ ಕೇಳಿ ಹೋದಳು. ಪಾಪ, ಅವಳದೇನೂ ತಪ್ಪಿಲ್ಲ.

ನನ್ನ ಕೆಲಸ ನಿಮಗೆ ಗೊತ್ತು. ಐದೂವರೆಗೆ ಮನೆ ಬಿಡದಿದ್ದರೆ ಶಾಲೆಯ ಮಕ್ಕಳಿಗೆ ಬೆಳಗಿನ ಉಪ್ಪಿಟ್ಟು ಆಗುವುದಿಲ್ಲ. ನಾಲ್ಕಕ್ಕೆ ಎದ್ದು ಕೋಳಿ ಬಿಸಿ ಮಾಡಿ ಇದರ ಮುಂದೆ ಇಟ್ಟು ಕೂರುತ್ತೇನೆ. ಅದು ಮೂಸಿ ಮುಖ ತಿರುಗಿಸುತ್ತದೆ. ಬೆರಳಿನಲ್ಲಿ ಬಾಯಿಗಿಡುತ್ತೇನೆ. ತಿನ್ನು ಕಣೋ ನನ್ನಪ್ಪ, ತಿನ್ನೋ ಪಾಪಿ, ಅಂತ ಮುದ್ದು ಮಾಡುತ್ತೇನೆ, ಬಯ್ಯುತ್ತೇನೆ. ಗಡಿಯಾರ ಓಡುತ್ತಿರುತ್ತದೆ. ನಾಲ್ಕು ತುತ್ತು ತಿಂದರೆ ಟವೆಲಿನಲ್ಲಿ ಸುತ್ತಿ ತೊಡೆಯಡಿ ಒತ್ತಿ ಹಿಡಿದು ಚುಚ್ಚುತ್ತೇನೆ. ಅರ್ಧ ಮದ್ದು ಒಳಗೆ, ಅರ್ಧ ರೋಮದ ಮೇಲೆ. ಎಷ್ಟು ಹೋಯಿತೋ ಗೊತ್ತಾಗುವುದಿಲ್ಲ, ಮತ್ತೆ ಚುಚ್ಚುವ ಹಾಗೂ ಇಲ್ಲ. ಹೋದ ವಾರ ಶಾಲೆಯಲ್ಲಿ ಉಪ್ಪಿಟ್ಟಿಗೆ ಎರಡು ಸಲ ಉಪ್ಪು ಹಾಕಿ ಹೆಡ್‌ಮಿಸ್ ಹತ್ತಿರ ಬೈಸಿಕೊಂಡೆ. ಅಲ್ಲೇ ಒಲೆ ಮುಂದೆ ಅತ್ತುಬಿಟ್ಟೆ. ನಾನು ಜನರ ಮುಂದೆ ಅಳುವವಳಲ್ಲ ಎಂದು ನಿಮಗೆ ಗೊತ್ತು.

ಈಗ ಹೇಳಬೇಕಾದ್ದಕ್ಕೆ ಬರುತ್ತೇನೆ. ಹೋದ ಗುರುವಾರ ಅದರ ಗಲ್ಲದ ಕೆಳಗೆ, ಕಿವಿಯ ಒಳಗೆ ಮುತ್ತು ಮುತ್ತಾಗಿ ಬೊಕ್ಕೆ ಎದ್ದವು. ಒಳಗೆ ಕೀವು. ಅತ್ತೆ ನೋಡಿ “ಅಮ್ಮ ಬಂದವಳೆ” ಅಂದರು. ನಮ್ಮ ಬೀದಿಯಲ್ಲಿ ಎರಡು ಮನೆಗೆ ಆಗಲೇ ಅಮ್ಮ ಬಂದಿತ್ತು, ಬಿಸಿಲು ಏರುವ ಕಾಲ. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದ್ದಾಯಿತು. ಅಡಿಗೆಗೆ ಒಗ್ಗರಣೆ ನಿಂತಿತು. ಅಮ್ಮ ಮನೆಯಲ್ಲಿರುವಾಗ ಮದ್ದು ಕೂಡದು, ಮೈಗೆ ಸೂಜಿ ತಾಗಿಸಲೇ ಕೂಡದು, ತಲೆಗೆ ನೀರು ಹಾಕಿ ಅಮ್ಮನನ್ನು ಕಳಿಸಿದ ಮೇಲೆಯೇ ಉಳಿದದ್ದೆಲ್ಲ. ಇದು ನಿಮಗೂ ಗೊತ್ತಿರುವುದೇ. ಅತ್ತೆ ಹೇಳಿದ ಮೇಲೆ ನಾನೇನು ಮಾಡಲಿ? ನೀನು ಯಾವತ್ತು ಅತ್ತೆ ಮಾತು ಕೇಳಿದವಳು ಎಂದು ನಗಬೇಡಿ. ಬೇವಿನ ಸೊಪ್ಪು ಅರೆದು ಹುಣ್ಣಿಗೆ ಹಚ್ಚಿದೆವು. ಇನ್ಸುಲಿನ್ ಫ್ರಿಜ್ಜಿನಲ್ಲೇ ಉಳಿಯಿತು. ನಾಲ್ಕು ದಿನ, ಎಂಟು ಹೊತ್ತು.

ಸೋಮವಾರ ಬೆಳಿಗ್ಗೆ ದೊರೆ ವಾಂತಿ ಮಾಡಿಕೊಂಡು ನೀರಿನ ಬಟ್ಟಲಿನ ಪಕ್ಕದಲ್ಲಿ ಬಿದ್ದಿತ್ತು. ಎತ್ತಿದರೆ ತಲೆ ನಿಲ್ಲಲಿಲ್ಲ. ಬಾಯಿಂದ ಕೊಳೆತ ಹಣ್ಣಿನ ವಾಸನೆ. ತರಕಾರಿ ಬುಟ್ಟಿಯಲ್ಲಿ ಹಾಕಿಕೊಂಡು ಸೇಲಂ ಬಸ್ ಹತ್ತಿದೆ. ಪಕ್ಕದಲ್ಲಿದ್ದ ಹೆಂಗಸು ವಾಸನೆಗೆ ಎದ್ದು ಹೋದಳು. ತೊಪ್ಪೂರು ಘಟ್ಟ ಇಳಿಯುವಾಗ ಉಸಿರಿದೆಯೋ ಇಲ್ಲವೋ ಎಂದು ಎದೆಯ ಮೇಲೆ ಬೆರಳಿಟ್ಟುಕೊಂಡೇ ಕೂತಿದ್ದೆ. ಆರತಿ ಡಾಕ್ಟರಮ್ಮ ಯಾಕೆ ನಿಲ್ಲಿಸಿದಿರಿ ಎಂದು ಕೇಳಿದರು, ಹೇಳಿದೆ. ಅವರು ಬಯ್ಯಲಿಲ್ಲ. ಅದು ಅಮ್ಮ ಅಲ್ಲ, ಸಕ್ಕರೆ ಹೆಚ್ಚಾಗಿ ಕೀವಾಗಿರುವುದು ಅಂದರು. ಬಯ್ದಿದ್ದರೆ ಚೆನ್ನಾಗಿತ್ತು.

ಎರಡು ದಿನ ಡ್ರಿಪ್ ಹಾಕಿಟ್ಟುಕೊಂಡು ನಿನ್ನೆ ಮನೆಗೆ ಕಳಿಸಿದರು. ಕಳಿಸುವಾಗ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಇನ್ನೊಂದು ಸಲ ಹೀಗಾದರೆ ಉಳಿಸಲು ಆಗುವುದಿಲ್ಲ. ಎರಡು ಹೊತ್ತೂ ಪೂರಾ ಮದ್ದು ಒಳಗೆ ಹೋಗುತ್ತದೆ ಅಂತ ನಿಮಗೆ ಧೈರ್ಯವಿದ್ದರೆ ಮುಂದುವರಿಸೋಣ, ಇಲ್ಲವಾದರೆ ಸೋಮವಾರ ಕರೆದುಕೊಂಡು ಬನ್ನಿ, ನೋವಿಲ್ಲದ ಹಾಗೆ ಮಲಗಿಸಿಬಿಡೋಣ, ಅದೂ ಒಂದು ಉಪಕಾರವೇ. ನಾನು ತಲೆ ಆಡಿಸಿ ಬಂದೆ. ಯಾವುದಕ್ಕೆ ತಲೆ ಆಡಿಸಿದೆನೋ ನನಗೇ ಗೊತ್ತಿಲ್ಲ.

ನೀವು ಅಲ್ಲಿ ದಿನಾ ಕುರಿಗಳಿಗೆ ಸೂಜಿ ಹಾಕುತ್ತೀರಂತೆ, ಸೆಂದಿಲ್ ಹೇಳಿದ. ಮಂದೆಗೆ ಮಂದೆಯನ್ನೇ ಒಬ್ಬರೇ ಮುಗಿಸುತ್ತೀರಂತೆ. ಈ ಬೆಕ್ಕು ಪ್ರಪಂಚದಲ್ಲಿ ಅಲ್ಲಾಡದೆ ಕೂರುವುದು ನಿಮ್ಮ ತೊಡೆಯ ಮೇಲೊಂದೇ. ನೀವು ಹಿಡಿದರೆ ನಾನು ಚುಚ್ಚುತ್ತೇನೆ, ಬೇಡವೆಂದರೆ ನೀವೇ ಚುಚ್ಚಿ, ನಾನು ಕೋಣೆಗೂ ಬರುವುದಿಲ್ಲ. ನನ್ನ ಮುಖ ನೋಡಲಾಗದಿದ್ದರೆ ನಾನು ಹೊಸೂರಿಗೆ ನಮ್ಮಣ್ಣನ ಮನೆಗೆ ಹೋಗಿರುತ್ತೇನೆ. ಕೆಲಸಕ್ಕೆ ರಜೆ ಬರೆದುಕೊಡುತ್ತೇನೆ. ನೀವು ಬಂದು ಒಂದು ತಿಂಗಳು ಇರಿ, ಅದು ಹುಷಾರಾಗುವವರೆಗೆ.

ನಿಮ್ಮ ತಮ್ಮನ ಮಗುವಿಗೆ ಹೆಸರಿಟ್ಟ ದಿನದ ಮಾತು ಬರೆಯಬಾರದು ಎಂದು ಶುರುಮಾಡಿದೆ, ಬರೆಯದೆ ಆಗುತ್ತಿಲ್ಲ. ಎಲ್ಲರೂ ಕೂಸನ್ನು ಎತ್ತಿ ಎತ್ತಿ ನನ್ನ ಕಡೆ ನೋಡುತ್ತಿದ್ದರು. ನೀವು ನಗುನಗುತ್ತಾ ಎತ್ತಿಕೊಂಡಿರಿ. ನನಗೆ ಎಲ್ಲಿತ್ತೋ ಸಿಟ್ಟು, “ನಿಮ್ಗ್ಯಾಕೆ ಕೂಸು, ಮನೇಲಿ ಬೆಕ್ಕೈತಲ್ಲ, ಓಗಿ ಅದನ್ನ ತೊಟ್ಲಲ್ಲಿ ಆಕ್ಕೊಂಡು ತೂಗಿ” ಅಂದುಬಿಟ್ಟೆ. ನೂರು ಜನರ ಮುಂದೆ. ನೀವು ಕೂಸನ್ನು ಮೆಲ್ಲಗೆ ಕೆಳಗಿಟ್ಟು ಎದ್ದು ಹೋದಿರಿ. ಬಸವಳಿದ ಮೈಯಲ್ಲಿ ಈ ಒಂದು ತಿಂಗಳು ದೊರೆಯನ್ನು ಎದೆಗೊತ್ತಿಕೊಂಡು ತೂಗುತ್ತಿರುವವಳು ನಾನೇ. ತಪ್ಪಾಯಿತು. ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ.

ಇವತ್ತು ಬೆಳಿಗ್ಗೆಯದು ಸರಿಯಾಗಿ ಹೋಯಿತು. ಸಂಜೆಯದು ಅರ್ಧ ಹೊರಗೆ ಚೆಲ್ಲಿತು.

ನಿಮ್ಮ ದಾರಿ ನೋಡುತ್ತಿರುವ,
ವಾಣಿಶ್ರೀ

ಮರೆತದ್ದು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಸೂಜಿ ನಿಲ್ಲಿಸಿದ್ದು ಅತ್ತೆಯಲ್ಲ, ನಾನು. ಅಮ್ಮ ಬಂದಿದ್ದಾಳೆ ಅಂದವಳೂ ನಾನೇ, ಬೇವಿನ ಸೊಪ್ಪು ತಂದವಳೂ ನಾನೇ. ಅತ್ತೆ “ಬೆಕ್ಕಿಗೆ ಎಲ್ಲಾನ ಅಮ್ಮ ಬತ್ತಾಳೇನೇ, ಸುಮ್ಕೆ ಸೂಜಿ ಆಕು” ಅಂತ ನಾಲ್ಕು ದಿನವೂ ಹೇಳಿದರು. ಪಾಪ ತಗಲುತ್ತದೆ ಎಂದು ಅವರ ಬಾಯಿ ಮುಚ್ಚಿಸಿದೆ. ನನಗೆ ನಿದ್ದೆ ಬೇಕಿತ್ತು. ನಾಲ್ಕು ದಿನ ಐದರವರೆಗೆ ಮಲಗಿದೆ. ಮೂರನೆಯ ದಿನ, ಸತ್ತರೆ ಸಾಯಲಿ, ಇದೊಂದು ಮುಗಿಯಲಿ ಅಂತಲೂ ಅನ್ನಿಸಿತು. ಇವತ್ತು ಕಾಗದ ಬರೆಯಲು ಕೂತಾಗ ಅತ್ತೆಯೇ ಪಕ್ಕದಲ್ಲಿ ಕೂತು “ನಾನೇ ಬ್ಯಾಡ ಅಂದೆ ಅಂತ ಬರಿ. ನನ್ ಮ್ಯಾಲೆ ಅವನಿಗೆ ಕ್ವಾಪ ನಿಲ್ಲಲ್ಲ, ಬತ್ತಾನೆ. ನಿನ್ ಎಸ್ರು ಬರಿಬ್ಯಾಡ” ಅಂದರು. ಅವರು ಹೇಳಿದ ಹಾಗೇ ಬರೆದೆ. ಈಗ ದೊರೆಯನ್ನು ತೊಡೆಯ ಮೇಲೆ ಹಾಕಿಕೊಂಡು, ಬರೆದೆಯಾ ಎಂದು ಕೇಳುತ್ತಿದ್ದಾರೆ. ಬರೆದೆ ಅತ್ತೆ, ಅಂದೆ. ಅವರಿಗೆ ಓದಲು ಬರುವುದಿಲ್ಲ. ನೀವು ನನ್ನನ್ನು ಎಷ್ಟು ಬೇಕಾದರೂ ಬಯ್ಯಿರಿ, ಆದರೆ ಇಲ್ಲಿಗೆ ಬಂದು ಬಯ್ಯಿರಿ.