ಬೆಕ್ಕಾದ ಸಿಂಹ

ಹದಿನಾಲ್ಕು, ಗುರುವಾರ.

ಆ ಬೆಕ್ಕು ಕಣ್ಣ ಮುಂದಿನಿಂದ ಹೋಗುತ್ತಲೇ ಇಲ್ಲ.

ದೊಡ್ಡಮನೆಯ ಹನ್ನೆರಡು ಬೆಳ್ಳಿ ತಟ್ಟೆಗಳು ಇನ್ನೂರು ವರ್ಷದ ಹಿಂದಿನವು. ಅಂಚಿನ ಬಳ್ಳಿಯಲ್ಲಿ ಒಂದೆಲೆ ಇನ್ನೊಂದರಂತಿಲ್ಲ. ಅದನ್ನು ಕೆತ್ತಿದ ಕೈಗೆ ನನ್ನಂಥ ಹತ್ತು ಕೆತ್ತನೆಗಾರರು ಸೇರಿದರೂ ಸಮವಲ್ಲ. ನಡುವೆ ಮನೆತನದ ಲಾಂಛನ, ಸಿಂಹ. ತಿಕ್ಕಿ ತಿಕ್ಕಿ ಕೇಸರವೆಲ್ಲ ಸವೆದು ಈಗ ಬರೀ ಬೆಕ್ಕು. ಅದನ್ನು ಮತ್ತೆ ಸಿಂಹ ಮಾಡಿಕೊಡಿ ಎಂದು ಯಜಮಾನಿ ನನ್ನನ್ನು ಕರೆಸಿದ್ದರು.

ಉಳಿ ಹಿಡಿದು ಕೂತಿದ್ದೆ. ಅಡುಗೆಯ ಅಜ್ಜಿ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡಳು. "ತಪ್ಪು ನಮ್ದೇ ಕಣಪ್ಪ. ನಮ್ಮವ್ವ ತಿಕ್ಕಿ ಅದರ ಕೂದ್ಲು ತೆಗೆದ್ಲು, ನಾನು ನಲವತ್ತು ವರ್ಷ ತಿಕ್ಕಿ ಮೀಸೆ ತೆಗೆದೆ. ಹೊಳೆದಷ್ಟೂ ಚೆಂದ ಅಂದ್ಕೊಂಡಿದ್ವಿ."

ಉಳಿ ಮುಂದಕ್ಕೆ ಹೋಗಲಿಲ್ಲ. ಎದುರಿಗೆ ಕೂತಿದ್ದ ಯಜಮಾನಿಯ ಕಡೆ ತಿರುಗಿದೆ. "ಅಮ್ಮಾವ್ರೇ, ನಾನು ಕೆತ್ತಿದ್ರೆ ಇದು ನನ್ನ ಸಿಂಹ ಆಗುತ್ತೆ. ಈಗಿರೋ ಬೆಕ್ಕು ಈ ಮನೇದು," ಅಂದುಬಿಟ್ಟೆ.

ಯಜಮಾನಿ ತಟ್ಟೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ನಕ್ಕರು. "ನಮ್ಮ ತಾತನೂ ಹೊರಗೆಲ್ಲ ಸಿಂಹ. ಊಟಕ್ಕೆ ಕೂತ್ರೆ ಬಡಿಸೋ ನಿಮ್ಮವ್ವನ ಮುಂದೆ ಬೆಕ್ಕೇ ಅಲ್ವಾ ಅಜ್ಜಿ? ಬೆಕ್ಕೇ ಇರ್ಲಿ ಬಿಡಿ."

ಬಂದ ಕೆಲಸ ಬಾಯಿಂದಲೇ ಕಳೆದುಕೊಂಡೆ. ಆದರೂ ಮನಸ್ಸು ತುಂಬಿದೆ. ನಾನು ಹೊರಡುವಾಗ ಅಜ್ಜಿ ಮತ್ತೆ ಬಟ್ಟೆ ಹಿಡಿದು ಕೂತಿದ್ದಳು. ಬಳ್ಳಿಯನ್ನು ಚೆನ್ನಾಗಿ ತಿಕ್ಕಿದಳು. ಬೆಕ್ಕಿನ ಹತ್ತಿರ ಬಂದಾಗ ಬಟ್ಟೆ ಪಕ್ಕಕ್ಕಿಟ್ಟು, ಬರೀ ಬೆರಳಲ್ಲಿ ಅದರ ತಲೆ ಸವರಿದಳು.