ಯಾತಕ್ಕೆ ಸಾಯುತ್ತಾರೆ ಎಂದು ಕೇಳಿದೆ

ಫೆಬ್ರುವರಿ ೧೧, ಭಾನುವಾರ ಬೆಳಿಗ್ಗೆ

ನನ್ನ ಮುದ್ದು ತಂಗಿಗೆ,

ನೀನು, ನಿನ್ನ ಯಜಮಾನರು, ಮಕ್ಕಳು ಎಲ್ಲರೂ ಸುಖವಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಎರಡು ಕಾಗದಗಳೂ ಕೈಸೇರಿದವು. ಉತ್ತರ ಬರೆಯದೆ ಕೂತದ್ದಕ್ಕೆ ಬೈಯಬೇಡ. ಬೈದರೂ ಪರವಾಗಿಲ್ಲ, ನನ್ನ ಕಿವಿ ಗಟ್ಟಿಯಾಗಿಯೇ ಇದೆ, ಕೆಟ್ಟಿರುವುದು ಶ್ವಾಸಕೋಶ ಮಾತ್ರ. ಫೋನ್ ಏಕೆ ಎತ್ತುವುದಿಲ್ಲ ಎಂದು ಕೇಳಿದ್ದೀಯ. ಫೋನಿನಲ್ಲಾದರೆ ನೀನು ನನ್ನ ಮಾತು ಕೇಳುವುದಿಲ್ಲ, ಉಸಿರು ಕೇಳುತ್ತಾ ಕೂರುತ್ತೀಯ. ಅದಕ್ಕೇ ಈ ಕಾಗದ.

ಒಬ್ಬಳೇ ಇದ್ದೀಯ, ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಬರೆದಿದ್ದೀಯ. ಬೇಡ ಕಣೇ. ಹಾಸಿಗೆ ಅಂಗಡಿ ನಡೆಯುತ್ತಿದೆ, ನಾನೂ ನಡೆಯುತ್ತಿದ್ದೇನೆ. ಹೇಗೆ ಎಂದು ಮೊದಲಿನಿಂದ ಹೇಳುತ್ತೇನೆ, ಕೇಳು.

ಹೋದ ವರ್ಷ ಆಸ್ಪತ್ರೆಯಲ್ಲಿ ನನ್ನನ್ನು ನೋಡಿ ನೀನು ಅತ್ತಿದ್ದೆಯಲ್ಲ, ನೀನು ಊರಿಗೆ ಹೊರಟ ಮರುದಿನವೇ ಡಾಕ್ಟರಮ್ಮನನ್ನು ಮಂಚದ ಪಕ್ಕ ಕೂರಿಸಿಕೊಂಡೆ. ವಯಸ್ಸು ಚಿಕ್ಕದು, ಆದರೆ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವ ಹುಡುಗಿ. "ನೋಡಿ, ಈ ಕಾಯಿಲೆ ವಾಸಿ ಆಗಲ್ಲ ಅಂತ ಗೊತ್ತಾಯ್ತು. ನನ್ನಂಥವರು ಯಾತಕ್ಕೆ ಸಾಯ್ತಾರೆ, ಅದನ್ನ ನೇರವಾಗಿ ಹೇಳಿ," ಎಂದೆ.

ಆಕೆ ಕೈಲಿದ್ದ ಫೈಲು ಮುಚ್ಚಿಟ್ಟಳು. ಆಮೇಲೆ ಹೇಳಿದಳು: "ಶ್ವಾಸಕೋಶ ಎಷ್ಟು ಹಾಳಾಗಿದೆ ಅನ್ನೋದೊಂದೇ ಅಲ್ಲಮ್ಮ. ಮೈ ಸೊರಗ್ತಾ ಹೋದ್ರೆ ಅಪಾಯ. ದಮ್ಮು ಬರುತ್ತೆ ಅಂತ ನಡೆಯೋದು ಬಿಟ್ರೆ ಅಪಾಯ. ಪದೇ ಪದೇ ಸೋಂಕಾಗಿ ಆಸ್ಪತ್ರೆ ಸೇರೋರಿಗೆ ಪ್ರತಿ ಸಲಾನೂ ಶಕ್ತಿ ಇಳಿಯುತ್ತೆ. ಸಿಗರೇಟು, ಹೊಗೆ, ಧೂಳು ಅಂತೂ ಇದ್ದೇ ಇದೆ. ಜೊತೆಗೆ ಹೃದಯವೂ ಕೆಟ್ಟಿದ್ರೆ ಕಷ್ಟ ಜಾಸ್ತಿ. ಇನ್ನು ಮನಸ್ಸು ಕುಗ್ಗೋದು... ಅದನ್ನ ಜನ ಲೆಕ್ಕಕ್ಕೇ ಇಟ್ಕೊಳ್ಳಲ್ಲ."

"ವಯಸ್ಸು?"

"ಅದಕ್ಕೆ ನನ್ನ ಹತ್ರ ಔಷಧಿ ಇಲ್ಲಮ್ಮ."

"ಹಾಗಾದ್ರೆ ಅದನ್ನ ಬಿಡಿ. ಉಳಿದದ್ದನ್ನ ನಾನು ನೋಡ್ಕೋತೀನಿ," ಎಂದೆ. ಆಕೆ ನಕ್ಕುಬಿಟ್ಟಳು. ನಿಜ ಹೇಳಬೇಕೆಂದರೆ ನನಗೆ ಅಂದೇ ಧೈರ್ಯ ಬಂತು. ಏನೆಂದು ಗೊತ್ತಿಲ್ಲದ ಭಯಕ್ಕಿಂತ ಮುಖ ಪರಿಚಯ ಇರುವ ಭಯ ವಾಸಿ.

ಮನೆಗೆ ಬಂದವಳು ಮೊದಲು ಅಂಗಡಿಗೆ ಕೈ ಹಾಕಿದೆ. ನಾನು ಜನ್ಮದಲ್ಲಿ ಸಿಗರೇಟು ಮುಟ್ಟಿದವಳಲ್ಲ, ಆದರೆ ಹತ್ತಿಯ ಧೂಳು ಕುಡಿದೇ ಬದುಕಿದವಳು. ಹತ್ತಿ ಹಿಂಜುವ ಯಂತ್ರವನ್ನು ಹಿತ್ತಲಿನ ಶೆಡ್ಡಿಗೆ ಸಾಗಿಸಿ, ಗೋಡೆಗೆ ದೊಡ್ಡ ಫ್ಯಾನು ಕೂರಿಸಿ, ಕೆಲಸದವರಿಗೆಲ್ಲ ಮಾಸ್ಕು ಕಟ್ಟಿಸಿದೆ. ಹೊಲಿಗೆಯವನು "ಅಕ್ಕಾ, ಇದನ್ನ ಕಟ್ಕೊಂಡ್ರೆ ನಾನು ಕಳ್ಳನ ಥರ ಕಾಣ್ತೀನಿ" ಎಂದು ಗೊಣಗಿದ. "ಕಳ್ಳನ ಥರ ಕಂಡ್ರೂ ಚಿಂತೆಯಿಲ್ಲ, ನನ್ನ ಥರ ಕೆಮ್ಮಬೇಡ" ಎಂದೆ. ಈಗ ನಾನು ಮುಂದಿನ ಕೌಂಟರಿನಲ್ಲಿ ಮಾತ್ರ ಕೂರುತ್ತೇನೆ. ಬಂದ ಗಿರಾಕಿಗೆ ಹಾಸಿಗೆ ಮಾರುತ್ತೇನೆ, ಬಾರದವರನ್ನು ಬೈಯುತ್ತೇನೆ.

ಮೈ ತುಂಬಿಕೊಳ್ಳಲಿ ಎಂದು ಹೊತ್ತುಹೊತ್ತಿಗೆ ಸ್ವಲ್ಪ ಸ್ವಲ್ಪ ತಿನ್ನುತ್ತೇನೆ. ಒಮ್ಮೆಲೇ ಹೊಟ್ಟೆ ಬಿರಿಯುವಷ್ಟು ತಿಂದರೆ ಉಸಿರಿಗೆ ಜಾಗ ಸಾಲುವುದಿಲ್ಲ. ಬೇಸಿಗೆಯಲ್ಲಿ ಭುಜದಿಂದ ಜಾರುತ್ತಿದ್ದ ರವಿಕೆ ಈಗ ಬಿಗಿಯಾಗಿದೆ. ಜೀವನದಲ್ಲಿ ಮೊದಲ ಸಲ ದಪ್ಪವಾದದ್ದಕ್ಕೆ ಹೆಮ್ಮೆಪಟ್ಟೆ. ಚಳಿ ಶುರುವಾಗುವ ಮೊದಲೇ ಲಸಿಕೆ ಹಾಕಿಸಿಕೊಂಡೆ. ಇನ್ನೊಂದು ನಗೆಪಾಟಲಿನ ಸಂಗತಿ: ಇಷ್ಟು ವರ್ಷ ನಾನು ಇನ್ಹೇಲರನ್ನು ಎಳೆದುಕೊಳ್ಳುತ್ತಲೇ ಇರಲಿಲ್ಲವಂತೆ, ಬರೀ ನಾಲಿಗೆಗೆ ಔಷಧಿ ಹೊಡೆಯುತ್ತಿದ್ದೆನಂತೆ! ನಾಲಿಗೆಗೇನಾಗಿತ್ತು ಹೇಳು, ಅದು ಮೊದಲೇ ಚುರುಕು.

ಅದನ್ನು ತಿದ್ದಿದ್ದು ಆಸ್ಪತ್ರೆಯ ವ್ಯಾಯಾಮದ ತರಗತಿಯಲ್ಲಿ. ಕೆಳಮಹಡಿಯ ಉದ್ದನೆಯ ಕಾರಿಡಾರಿನಲ್ಲಿ, ಗೋಡೆಗೆ ಸಾಲಾಗಿ ಕುರ್ಚಿ ಹಾಕಿ, ನಮ್ಮಂಥ ದಮ್ಮಿನವರನ್ನು ನಡೆಸುತ್ತಾರೆ. ಮೊದಲ ದಿನ ನಾನು ಬಾಗಿಲಲ್ಲೇ ನಿಂತೆ. ಎಲ್ಲರೂ ಏದುಸಿರು ಬಿಡುತ್ತಿದ್ದಾರೆ, ನೋಡಿದರೆ ಭಯ. ಅಷ್ಟರಲ್ಲಿ ಕೊನೆಯ ಕುರ್ಚಿಯಿಂದ ಒಬ್ಬರು ಕೂಗಿದರು: "ಒಳಗೆ ಬನ್ನಿ ಅಮ್ಮಾವ್ರೇ, ಬಾಗಿಲಲ್ಲಿ ನಿಂತ್ರೆ ಗಾಡಿ ಹೊರಡಲ್ಲ!"

ಅವರು ನಿವೃತ್ತ ಬಸ್ ಡ್ರೈವರ್. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು, ಮಗಳು ಬೇರೆ ಊರಿನಲ್ಲಿ. ಸಿಗರೇಟು ಬಿಟ್ಟಿದ್ದರು, ಆದರೆ ಅದು ಅವರನ್ನು ಅಷ್ಟು ಬೇಗ ಬಿಟ್ಟಿರಲಿಲ್ಲ. ಹೃದಯವೂ ದುರ್ಬಲ, ಹಿಂದಿನ ವರ್ಷವಿಡೀ ಆಸ್ಪತ್ರೆಗೂ ಮನೆಗೂ ಓಡಾಡಿದ್ದರು. ಡಾಕ್ಟರಮ್ಮ ಹೇಳಿದ ಅಪಾಯಗಳೆಲ್ಲ ಅವರ ಮೈಮೇಲೇ ಹತ್ತಿ ಕೂತಿದ್ದವು. ಅವರ ಬಾಯಿ ಮಾತ್ರ ಸೋತಿರಲಿಲ್ಲ. ದಮ್ಮು ಬಂದು ಯಾರಾದರೂ ಗೋಡೆ ಹಿಡಿದರೆ ಸಾಕು, "ಸ್ಟಾಪ್ ಬಂತು, ಇಳಿಯೋರು ಇಳೀರಿ, ಗಡಿಬಿಡಿ ಬೇಡ" ಎನ್ನುತ್ತಿದ್ದರು. ನಿಲ್ಲುವುದಕ್ಕೆ ಯಾರಿಗೂ ನಾಚಿಕೆಯಾಗದ ಹಾಗೆ ಮಾಡಿಬಿಟ್ಟರು. ಬಿಸಿ ಚಹಾ ಆರಿಸುವ ಹಾಗೆ ತುಟಿ ಮುಂದೆ ಮಾಡಿ ನಿಧಾನ ಉಸಿರು ಬಿಡುವುದನ್ನು ನನಗೆ ರೂಢಿ ಮಾಡಿಸಿದವರೂ ಅವರೇ. "ಒಳಗೆ ತಗೊಳ್ಳೋಕೆ ಒದ್ದಾಡ್ಬೇಡಿ. ಮೊದಲು ಹೊರಗೆ ಬಿಡಿ, ಸೀಟು ಖಾಲಿಯಾದ್ರೆ ತಾನೇ ಹೊಸಬರು ಹತ್ತೋದು?"

ತರಗತಿಯಿಲ್ಲದ ದಿನಗಳಲ್ಲಿ ಇಬ್ಬರೂ ಉದ್ಯಾನದಲ್ಲಿ ನಡೆಯುತ್ತಿದ್ದೆವು. ಬೆಂಚಿನಿಂದ ಬೆಂಚಿಗೆ, ಮಾತಿನಿಂದ ಮಾತಿಗೆ. ಮಳೆಗಾಲ ಮುಗಿಯುವಷ್ಟರಲ್ಲಿ ನಾನು ಅಂಗಡಿಯಿಂದ ಮಾರುಕಟ್ಟೆಯವರೆಗೆ ಒಮ್ಮೆ ಮಾತ್ರ ನಿಂತು ಹೋಗಿಬಂದೆ. ಅವರು ಆ ಇಡೀ ವರ್ಷ ಆಸ್ಪತ್ರೆಯ ಮಂಚ ಹತ್ತಲಿಲ್ಲ.

ಹೋದ ತಿಂಗಳು ಅವರಿಗೆ ನೆಗಡಿಯಾಯಿತು. ನಮ್ಮಂಥವರಿಗೆ ನೆಗಡಿ ಎಂದರೆ ನೆಗಡಿಯಲ್ಲ. ಅದು ಎದೆಗಿಳಿಯಿತು, ಹೃದಯ ತಡೆಯಲಿಲ್ಲ. ಆಕ್ಸಿಜನ್ ಹಾಕಿದರು, ಉಸಿರು ಒಳಗೆ ತಳ್ಳುವ ಮಾಸ್ಕಿನ ಯಂತ್ರ ಹಾಕಿದರು, ಆದರೂ ಉಳಿಯಲಿಲ್ಲ.

ನಾನು ಡಾಕ್ಟರಮ್ಮನ ಮೇಲೆ ರೇಗಿದೆ. "ಎಲ್ಲಾ ಸರಿಯಾಗಿ ಮಾಡಿದ್ರಲ್ಲ ಅವರು! ಮತ್ತೆ ಯಾಕೆ?"

ಆಕೆ ನನ್ನ ಕೈ ಹಿಡಿದುಕೊಂಡಳು. "ಮೊದಲೇ ಆಗಿದ್ದ ಹಾನಿ ತುಂಬಾ ಇತ್ತಮ್ಮ. ನಾವು ಅಪಾಯ ಕಮ್ಮಿ ಮಾಡಬಹುದು, ಇಲ್ಲವಾಗಿಸೋಕೆ ಆಗಲ್ಲ. ಆದ್ರೆ ಅವರು ನಡೆಯದೇ ಇದ್ದಿದ್ರೆ ಇಷ್ಟು ಒಳ್ಳೇ ವರ್ಷ ಅವರಿಗೆ ಸಿಗ್ತಿರಲಿಲ್ಲ ಅನ್ಸುತ್ತೆ."

ನಾನು ಅಳಲಿಲ್ಲ. ಮುಂದಿನ ತರಗತಿಗೆ ಹೋದೆ. ವ್ಯಾಯಾಮ ಹೇಳಿಕೊಡುವ ಹುಡುಗಿ "ಇವತ್ತು ಬೇಕಾದ್ರೆ ಸುಮ್ನೆ ಕೂತ್ಕೊಳ್ಳಿ" ಎಂದಳು. ಕೂರಲಿಲ್ಲ, ನಡೆದೆ. ಅಂದು ಬಾಗಿಲಲ್ಲಿ ಒಬ್ಬ ಹೊಸ ಹೆಂಗಸು ಹೆದರಿ ನಿಂತಿದ್ದಳು. ಹೋಗಿ ಅವಳ ಕೈ ಹಿಡಿದು ಒಳಗೆ ಕರೆತಂದೆ. ಈಗ ಅವಳ ಜೊತೆ ನಡೆಯುತ್ತೇನೆ. ತುಂಬಾ ಮಾತಾಡುತ್ತಾಳೆ, ದಮ್ಮು ಹೇಗೆ ಸಾಲುತ್ತದೋ ದೇವರಿಗೇ ಗೊತ್ತು.

ಹೀಗಿದ್ದೇನೆ ನಾನು. ನನ್ನ ಕೈಲಿರುವುದನ್ನೆಲ್ಲ ಮಾಡುತ್ತಿದ್ದೇನೆ, ಮಾಡುತ್ತಲೇ ಇರುತ್ತೇನೆ. ನನ್ನನ್ನು ಅಷ್ಟು ಸುಲಭವಾಗಿ ಕಳಿಸಲಾಗದು. ನಿನ್ನ ಯಜಮಾನರಿಗೆ ಸಿಗರೇಟು ಬಿಡಲು ಹೇಳು. ಬಿಡದಿದ್ದರೆ ನಾನೇ ಬಂದು ನಿಮ್ಮ ಮನೆಯಲ್ಲಿ ಕೂತು ಕೆಮ್ಮುತ್ತೇನೆ. ಮಕ್ಕಳಿಗೆ ನನ್ನ ಮುತ್ತುಗಳು. ನಿನ್ನ ಮನೆ ತುಂಬಿರಲಿ, ನಿನ್ನ ಎದೆ ಹಗುರಾಗಿರಲಿ, ತಣ್ಣಗೆ ಬಾಳು ನನ್ನಮ್ಮ.

ನಿನ್ನ ಪ್ರೀತಿಯ,
ಅಕ್ಕ

ಮತ್ತೆ: ಲಕೋಟೆ ಅಂಟಿಸಲು ಹೊರಟವಳು ಮತ್ತೆ ಕೂತಿದ್ದೇನೆ. ಇದನ್ನು ಯಾರಿಗೂ ಹೇಳಿಲ್ಲ. ಆ ಡ್ರೈವರ್ ನನ್ನನ್ನು ಮದುವೆಯಾಗುತ್ತೀಯಾ ಎಂದು ಕೇಳಿದ್ದರು. ನಾನು ಹೂಂ ಎಂದಿದ್ದೆ. ಈ ತಿಂಗಳು ಅವರ ಮಗಳು ರಜೆಗೆ ಬಂದಾಗ ಅವಳಿಗೆ ಅವರು, ನಿನಗೆ ನಾನು ಹೇಳುವುದೆಂದು ಮಾತಾಗಿತ್ತು. ಅವಳು ಬಂದದ್ದು ಸಾವಿಗೆ. ಅವರ ಮನೆಯ ಹಜಾರದಲ್ಲಿ ಅಕ್ಕಪಕ್ಕದವರ ನಡುವೆ ನಾನೂ ಕೂತಿದ್ದೆ. ಒಳ್ಳೆಯ ಹುಡುಗಿ, ಅಷ್ಟು ದುಃಖದಲ್ಲೂ ಎಲ್ಲರಿಗೂ ನೀರು ಕೊಡುತ್ತಾ ಬಂದಳು. ನನ್ನ ಮುಂದೆ ನಿಂತು ಮೆತ್ತಗೆ ಕೇಳಿದಳು: "ಕ್ಷಮಿಸಿ, ಗುರುತು ಸಿಗಲಿಲ್ಲ. ಅಪ್ಪನಿಗೆ ನೀವು ಏನಾಗಬೇಕು?"

"ಆಸ್ಪತ್ರೆಯಲ್ಲಿ ಪರಿಚಯ ಅಷ್ಟೇ ಮಗಳೇ," ಎಂದು ನೀರು ತೆಗೆದುಕೊಂಡೆ.